ಮುಕ್ಕಾಲು ಅಂಗುಲದ ಲೆಕ್ಕ

ಮನೆಯಂಗಳದಲ್ಲಿ ಕಾರಿನ ಡಿಫರೆನ್ಷಿಯಲ್ ಬದಲಾಯಿಸಲು ಹೊರಟವರ ಅನುಭವ

ನಮ್ಮ ಮಾವನವರಿಗೆ 81 ವರ್ಷ. ಅವರ ಕಾರಿಗೆ 50 ದಾಟಿದೆ. ಇಬ್ಬರಲ್ಲಿ ಯಾರು ಮೊದಲು ಹಾಸಿಗೆ ಹಿಡಿಯುವರೆಂಬುದು ಮನೆಯಲ್ಲಿ ಬಹಳ ಕಾಲದಿಂದ ನಡೆದುಬಂದ ವಿನೋದ. ಕಳೆದ ಬೇಸಗೆಯಲ್ಲಿ ಈ ಪಂದ್ಯದಲ್ಲಿ ಕಾರೇ ಸೋಲುವ ಲಕ್ಷಣ ಕಂಡಿತು. ವೇಗ 40 ಕಿಲೋಮೀಟರು ಮುಟ್ಟಿತೆಂದರೆ ಹಿಂದಿನ ಸೀಟಿನ ಕೆಳಗಿನಿಂದ ಒಂದು ಗೋಳು ಆರಂಭವಾಗುತ್ತಿದ್ದಿತು. ವೇಗ ಏರಿದಂತೆ ಅದೂ ಶ್ರುತಿ ಏರಿಸಿ, ಕಡೆಗೆ ಮಾತನಾಡುವವರ ಮಾತು ಒಬ್ಬರಿಗೊಬ್ಬರಿಗೆ ಕೇಳದಂತೆ ಮಾಡುತ್ತಿದ್ದಿತು. ಕಾಲು ತೆಗೆದರೆ ಶ್ರುತಿ ಬದಲಾಗುವುದು. ಮತ್ತೆ ಒತ್ತಿದರೆ ಹಳೆಯ ರಾಗವೇ.

ಇದು ಡಿಫರೆನ್ಷಿಯಲಿನ ಹಲ್ಲು ಸವೆದಿರುವುದರ ಗುರುತೆಂದು ಎಲ್ಲರಿಗೂ ತಿಳಿದಿದ್ದಿತು. ಆದರೆ ಮಾವನವರು ಏಪ್ರಿಲ್ ತಿಂಗಳ ಜಾತ್ರೆಗೆ ತಮ್ಮ ಹುಟ್ಟೂರಾದ ಪುತ್ತೂರಿಗೆ ಇದೇ ಕಾರಿನಲ್ಲಿ ಹೋಗಬೇಕೆಂದು ಹಟ ಹಿಡಿದಿದ್ದರು. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ. ಅಲ್ಲಿಂದ ಸಂಪಾಜೆಯ ಘಾಟಿ ಇಳಿದು ಸುಳ್ಯ. “ಮುಂದಿನ ವರ್ಷ ನಾನಿರುತ್ತೇನೋ ಇಲ್ಲವೋ” ಎಂದು ಅವರು ಒಂದೇ ಮಾತು ಆಡಿದರು. ಆ ಮಾತಿಗೆ ಎದುರು ಮಾತು ಯಾವ ಮನೆಯಲ್ಲಿಯೂ ಇಲ್ಲ.

ನನ್ನ ಭಾವಮೈದುನನಿಗೆ ಯಂತ್ರಗಳ ಹುಚ್ಚು. “ಭಾವ, ಇದಕ್ಕೆ ಗ್ಯಾರೇಜು ಏಕೆ? ನಾವೇ ಮನೆಯಲ್ಲಿ ಬದಲಿಸೋಣ” ಎಂದ. ಒಂದು ಗುಜರಿ ಅಂಗಡಿಯಲ್ಲಿ ಒಳ್ಳೆಯ ಸ್ಥಿತಿಯ ಡಿಫರೆನ್ಷಿಯಲ್ ಒಂದನ್ನು ಅವನು ಆಗಲೇ ಕಂಡುಹಿಡಿದಿದ್ದ. ಅದರಿಂದ ನಾವು ಕಲಿತ ಪಾಠವನ್ನು, ಕಾರಿರುವ ಮನೆಯವರೂ ಇಲ್ಲದ ಮನೆಯವರೂ ಓದಬಹುದಾದ ರೀತಿಯಲ್ಲಿ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಹಿಂದಿನ ಚಕ್ರಗಳ ನಡುವಿನ ನ್ಯಾಯಾಧೀಶ

ಕಾರು ನೇರವಾಗಿ ಹೋಗುವಾಗ ಎರಡು ಬದಿಯ ಚಕ್ರಗಳೂ ಸಮನಾಗಿ ತಿರುಗುತ್ತವೆ. ತಿರುವಿನಲ್ಲಿ ಹಾಗಲ್ಲ. ಹೊರಬದಿಯ ಚಕ್ರ ದೊಡ್ಡ ವೃತ್ತವನ್ನೂ ಒಳಬದಿಯದು ಸಣ್ಣ ವೃತ್ತವನ್ನೂ ಸುತ್ತಬೇಕು. ಎರಡು ಚಕ್ರಗಳ ನಡುವಣ ಅಂತರ 1.35 ಮೀಟರೆಂದು ಇಟ್ಟುಕೊಳ್ಳಿ. ಕಾರು ಒಂದು ಪೂರ್ಣ ಸುತ್ತು ತಿರುಗುವಷ್ಟರಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು ಎಂಟೂವರೆ ಮೀಟರು ಹೆಚ್ಚು ಓಡಿರುತ್ತದೆ. ಸುತ್ತು ಸಣ್ಣದಿರಲಿ, ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ನಮ್ಮ ಬೀದಿಯ ಮೂಲೆಯಲ್ಲಿ ಒಮ್ಮೆ ತಿರುಗಿದರೆ ಅದರ ಕಾಲುಭಾಗ, ಎಂದರೆ ಎರಡು ಮೀಟರಿಗೆ ತುಸು ಹೆಚ್ಚು. ಚಕ್ರದ ಒಂದು ಸುತ್ತೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಆದ್ದರಿಂದ ಪ್ರತಿಯೊಂದು ಮೂಲೆಯಲ್ಲಿಯೂ ಹೊರಚಕ್ರಕ್ಕೆ ಒಂದು ಸುತ್ತು ಹೆಚ್ಚಿಗೆ ಬೇಕು.

ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಿದ್ದರೆ, ಪ್ರತಿ ಮೂಲೆಯಲ್ಲಿಯೂ ಒಂದು ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡೇ ಹೋಗಬೇಕಾಗುತ್ತಿದ್ದಿತು. ಈ ವ್ಯಾಜ್ಯವನ್ನು ಬಗೆಹರಿಸುವ ಹಲ್ಲುಗಾಲಿಗಳ ಏರ್ಪಾಟೇ ಡಿಫರೆನ್ಷಿಯಲ್. ಒಂದು ಚಕ್ರ ನಿಧಾನಿಸಿದಷ್ಟನ್ನು ಇನ್ನೊಂದಕ್ಕೆ ಕೊಡುವುದು ಅದರ ಧರ್ಮ. ಪ್ಯಾರಿಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಎಂಬಾತ 1827ರಲ್ಲಿ, ಉಗಿಬಂಡಿಯೊಂದಕ್ಕಾಗಿ, ಇದಕ್ಕೆ ಪೇಟೆಂಟು ಪಡೆದ. ಪೆಟ್ರೋಲಿನ ಕಾರು ಆಗ ಇನ್ನೂ ಯಾರ ಕನಸಿನಲ್ಲಿಯೂ ಇರಲಿಲ್ಲ.

ಎಂಜಿನು ಮುಂದಿದ್ದು ಹಿಂದಿನ ಚಕ್ರಗಳಿಂದ ನಡೆಯುವ ಕಾರುಗಳಲ್ಲಿ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿನವರೆಗೆ ಒಂದು ಉದ್ದನೆಯ ಉಕ್ಕಿನ ಕೊಳವೆ ತಿರುಗುತ್ತಿರುತ್ತದೆ. ಪುಸ್ತಕದಲ್ಲಿ ಅದು ಪ್ರೊಪೆಲರ್ ಷಾಫ್ಟು. ಗ್ಯಾರೇಜಿನಲ್ಲಿ ಜಾಯಿಂಟ್ ಷಾಫ್ಟು. ಅದರ ತುದಿಗೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ. ಅದು ಕ್ರೌನ್ ಎಂಬ ದೊಡ್ಡ ಗಾಲಿಯನ್ನು ತಿರುಗಿಸುತ್ತದೆ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಅಂಬಾಸಿಡರು ಈ ಜಾತಿಯದು. 1983ರಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಚಕ್ರಗಳೇ ಎಳೆಯುವುದರಿಂದ ಈ ಉದ್ದನೆಯ ಕೊಳವೆಯೇ ಇಲ್ಲ. ನಾನು ಹೇಳಹೊರಟಿರುವುದು ಮೊದಲನೆಯ ಜಾತಿಯ ವಿಷಯ.

ಹಲ್ಲು ಎಣಿಸಿದ ಮೇಲೆ

ಹೊಸದಾಗಿ ತಂದ ಡಿಫರೆನ್ಷಿಯಲನ್ನು ಹಳೆಯ ಗೋಣಿಚೀಲದ ಮೇಲೆ ಇಟ್ಟು ನಾವು ಮೊದಲು ಮಾಡಿದ ಕೆಲಸ ಸರಿಯಾದುದೇ: ಹಲ್ಲು ಎಣಿಸಿದೆವು. ಕ್ರೌನಿನಲ್ಲಿ 41, ಪಿನಿಯನ್ನಿನಲ್ಲಿ 9. ಷಾಫ್ಟು 4.56 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಎಂದಾಯಿತು. ನಮ್ಮ ಹಳೆಯದರಲ್ಲಿ 39 ಮತ್ತು 8, ಎಂದರೆ 4.875.

ಕಾರಿನಿಂದ ಬಿಚ್ಚದೆಯೇ ಇದನ್ನು ಎಣಿಸುವ ಉಪಾಯವೂ ಉಂಟು. ಹಿಂದಿನ ಒಂದು ಚಕ್ರವನ್ನು ನೆಲದ ಮೇಲೆ ಭದ್ರವಾಗಿ ನಿಲ್ಲಿಸಿ, ಮತ್ತೊಂದನ್ನು ಎತ್ತಿ, ಗೇರು ಬಿಡಿಸಿ, ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಆಗ ಷಾಫ್ಟು ಎಷ್ಟು ಸುತ್ತು ಸುತ್ತಿತೋ ಅದೇ ಪ್ರಮಾಣ. ಎರಡು ಸುತ್ತು ಏಕೆಂದು ಮಕ್ಕಳು ಕೇಳಿಯಾರು: ಒಂದು ಚಕ್ರ ನಿಂತಿರುವಾಗ ಡಿಫರೆನ್ಷಿಯಲ್ ಇನ್ನೊಂದಕ್ಕೆ ಇಮ್ಮಡಿ ತಿರುಗುವಿಕೆಯನ್ನು ಕೊಡುತ್ತದೆ.

ಈ ಅಂಕಿಗಳಿಗೆ ಅರ್ಥವುಂಟು. ಚಕ್ರದ ಒಂದು ಸುತ್ತಿಗೆ 2 ಮೀಟರು ದಾರಿ ಎಂದು ಇಟ್ಟುಕೊಂಡು, ಷಾಫ್ಟು ನಿಮಿಷಕ್ಕೆ 3000 ಸುತ್ತು ಸುತ್ತಿದರೆ, ಹಳೆಯ ಪ್ರಮಾಣದಲ್ಲಿ ಗಂಟೆಗೆ 74 ಕಿಲೋಮೀಟರು, ಹೊಸದರಲ್ಲಿ 79. ಎಂಜಿನಿಗೆ ಅಷ್ಟು ನೆಮ್ಮದಿ. ಆದರೆ ಲಾಭವೆಲ್ಲ ನಮ್ಮದೇ ಆಗುವುದಿಲ್ಲ. ಘಾಟಿ ಹತ್ತುವಾಗ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 6ರಿಂದ 7ರಷ್ಟು ಕಡಿಮೆ. ಬಯಲುಸೀಮೆಯಲ್ಲಿ ಸುಖವಾದುದು ಮಡಿಕೇರಿಯ ಏರಿನಲ್ಲಿ ಒಂದು ಗೇರು ಮುಂಚಿತವಾಗಿ ಇಳಿಸುವಂತೆ ಮಾಡುತ್ತದೆ. ಅಲ್ಲದೆ ವೇಗಸೂಚಿಯ ತಂತಿ ಗೇರುಪೆಟ್ಟಿಗೆಯ ಬಾಲದಿಂದ ಬರುವುದರಿಂದ, ಡಿಫರೆನ್ಷಿಯಲ್ ಬದಲಾದುದು ಅದಕ್ಕೆ ತಿಳಿಯದು. ಮುಳ್ಳು 60 ತೋರಿಸುವಾಗ ಕಾರು 64ರಲ್ಲಿ ಓಡುತ್ತಿರುತ್ತದೆ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹುಟ್ಟಿದವು. ಒಂದರ ಹಲ್ಲಿಗೆ ಇನ್ನೊಂದರ ಹಲ್ಲನ್ನು ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಮಾತ್ರ ಬದಲಿಸುವುದು, ಬೇರಿಂಗಿನ ಬಿಗಿಯನ್ನು ಕೈಯಂದಾಜಿನಲ್ಲಿ ಹೊಂದಿಸುವುದು, ಇವು ಮನೆಯಂಗಳದ ಕೆಲಸಗಳಲ್ಲ. ಆದ್ದರಿಂದಲೇ ನಾವು ಇಡೀ ಗುಂಡನ್ನು ತಂದಿದ್ದೆವು. ಅಚ್ಚಿನ ಗೂಡಿಗೆ ಬಿಗಿಯುವ ರಂಧ್ರಗಳು ಹೊಂದಿದವು. ಒಳಗಿನ ಅಡ್ಡ ಅಚ್ಚುಗಳ ತುದಿಯ ಗೀರುಗಳ ಸಂಖ್ಯೆ ಹೊಂದಿತು. ಷಾಫ್ಟಿಗೆ ಬಿಗಿಯುವ ಫ್ಲೇಂಜಿನ ನಾಲ್ಕು ರಂಧ್ರಗಳೂ, ನಡುವಿನ ಉಬ್ಬೂ ಹೊಂದಿದವು. ಎಲ್ಲವೂ ಹೊಂದಿದ ಮೇಲೆ ಇನ್ನೇನಿದೆ ಎಂದು ಇಬ್ಬರೂ ಕೈ ಒರೆಸಿಕೊಂಡು ಕಾಫಿ ಕುಡಿದೆವು.

ಅಳೆಯಬೇಕಾದ ಒಂದನ್ನು ಅಳೆದಿರಲಿಲ್ಲ: ಪಿನಿಯನ್ನಿನ ಮೂಗಿನ ಉದ್ದ.

ಎರಡು ಕಲ್ಲುಗಳ ಉಪಕಾರ

ಶನಿವಾರ ಬೆಳಿಗ್ಗೆ ಕೆಲಸ ಆರಂಭವಾಯಿತು. ಕಾರಿನ ಹಿಂಬದಿಯನ್ನು ಜಾಕಿನಿಂದ ಎತ್ತಿ, ದೇಹದ ಚೌಕಟ್ಟಿನ ಕೆಳಗೆ ಎರಡು ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟೆವು. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ ಎಂಬುದು ನಮಗೆ ತಿಳಿದಿದ್ದಿತು. ಕೈಬ್ರೇಕು ಎಳೆದು, ಗೇರು ಹಾಕಿ, ಇನ್ನು ಕಾರು ಕದಲದೆಂದು ನಂಬಿದೆವು.

ನನ್ನ ಹೆಂಡತಿ ಹೂವಿನ ಪಾತಿಯ ಅಂಚಿನಿಂದ ಎರಡು ಹಾಸುಗಲ್ಲಿನ ತುಂಡುಗಳನ್ನು ತಂದು ಮುಂದಿನ ಚಕ್ರಗಳಿಗೆ ಒತ್ತಿ ಇಟ್ಟಳು. “ಕೈಬ್ರೇಕು ಇದೆಯಲ್ಲ” ಎಂದು ನಾವು ನಕ್ಕೆವು. “ಇದ್ದರೆ ಇರಲಿ, ಕಲ್ಲಿಗೇನೂ ಸಂಬಳ ಕೊಡಬೇಕಾಗಿಲ್ಲ” ಎಂದು ಅವಳು ಒಳಗೆ ಹೋದಳು.

ಭಾವಮೈದುನ ಕಾರಿನ ಕೆಳಗೆ ಮಲಗಿ, ತುಕ್ಕು ಹಿಡಿದ ಬೋಲ್ಟೊಂದಕ್ಕೆ ಉದ್ದನೆಯ ಸ್ಪ್ಯಾನರು ಹಾಕಿ ಜಗ್ಗಿದ. ಕಾರು ಮುಂದಕ್ಕೆ ಜರುಗಿತು. ನಾಲ್ಕು ಬೆರಳಿನಷ್ಟು ಇರಬಹುದು. ಎಡಗಡೆಯ ಸ್ಟ್ಯಾಂಡು ಒಂದು ಕಾಲೆತ್ತಿ ವಾಲಿತು. ಅಷ್ಟರಲ್ಲಿ ಮುಂದಿನ ಚಕ್ರ ಕಲ್ಲಿಗೆ ತಾಕಿ ನಿಂತಿತು. ಸ್ಟ್ಯಾಂಡು ಮತ್ತೆ ಕಾಲೂರಿತು. ಅವನು ಹೊರಗೆ ತೆವಳಿ ಬಂದು ಜಗಲಿಯ ಮೇಲೆ ಕುಳಿತ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಆಮೇಲೆ ಯೋಚಿಸಿದರೆ ಕಾರಣ ಎಷ್ಟು ಸರಳ! ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರು ಹಿಡಿಯುವುದೂ, ಷಾಫ್ಟಿನ ಮೂಲಕ, ಹಿಂದಿನ ಚಕ್ರಗಳನ್ನೇ. ಹಿಂದಿನ ಚಕ್ರಗಳು ಗಾಳಿಯಲ್ಲಿರುವಾಗ ಎರಡೂ ಹಿಡಿದು ಪ್ರಯೋಜನವೇನು? ನೆಲದ ಮೇಲಿದ್ದ ಮುಂದಿನ ಚಕ್ರಗಳಿಗೆ ಕಡಿವಾಣವೇ ಇರಲಿಲ್ಲ. ಅಂಗಳವೋ ಚರಂಡಿಯ ಕಡೆಗೆ ಇಳಿಜಾರು. ಇನ್ನೊಂದು ಮಾತನ್ನೂ ನೆನಪಿಡಬೇಕು: ಷಾಫ್ಟು ಬಿಚ್ಚಿದ ಕಾರು ನಾಲ್ಕು ಚಕ್ರಗಳ ಮೇಲೆ ನಿಂತಿದ್ದರೂ, ಗೇರಿನಿಂದ ಅದನ್ನು ನಿಲ್ಲಿಸಿಡಲು ಆಗದು. ಕೈಬ್ರೇಕನ್ನೂ ಬಿಚ್ಚಿದ್ದರೆ ಅದಕ್ಕೆ ಯಾವ ಹಿಡಿತವೂ ಉಳಿಯುವುದಿಲ್ಲ.

ಸಮತಟ್ಟಾದ ಗಟ್ಟಿ ನೆಲ, ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಅಡ್ಡಗಲ್ಲು, ಭದ್ರವಾದ ಸ್ಟ್ಯಾಂಡು: ಈ ಮೂರೂ ಇಲ್ಲದಿದ್ದರೆ ಮುಂದಿನ ಪುಟವನ್ನು ಓದುವ ಅಗತ್ಯವಿಲ್ಲ, ಕಾರನ್ನು ಗ್ಯಾರೇಜಿಗೆ ಕಳುಹಿಸಿಬಿಡಿ.

ಸರಾಗವಾಗಿ ಕೂತಿತು!

ಕಾರನ್ನು ಹಿಂದಿನ ಮನೆಯ ಸಿಮೆಂಟು ನೆಲಕ್ಕೆ ತಳ್ಳಿ, ಕಲ್ಲುಗಳನ್ನು ನಾಲ್ಕಾಗಿಸಿ, ಕೆಲಸ ಮುಂದುವರಿಯಿತು. ಷಾಫ್ಟನ್ನು ಬಿಚ್ಚುವ ಮೊದಲು ಎರಡು ಫ್ಲೇಂಜುಗಳ ಮೇಲೂ ಬಣ್ಣದ ಒಂದು ಗೆರೆ ಎಳೆದೆವು. ಮತ್ತೆ ಅದೇ ಜೋಡಣೆಯಲ್ಲಿ ಕೂಡಿಸಿದರೆ ಷಾಫ್ಟಿನ ತೂಕದ ಸಮತೋಲ ಕೆಡುವುದಿಲ್ಲ. ಕೀಲಿನ ಕ್ರಾಸಿನ ಬಟ್ಟಲುಗಳು ಬಿದ್ದು, ಒಳಗಿನ ಸೂಜಿಯಂಥ ಕಡ್ಡಿಗಳು ಚೆಲ್ಲದಂತೆ ಪಟ್ಟಿ ಸುತ್ತಿದೆವು. ಹಳೆಯ ಎಣ್ಣೆಯನ್ನು ಬಸಿದು, ಚಕ್ರಗಳ ಕಡೆಯಿಂದ ಎರಡು ಅಡ್ಡ ಅಚ್ಚುಗಳನ್ನೂ ಹೊರಕ್ಕೆಳೆದ ಮೇಲೆ, ಹಳೆಯ ಡಿಫರೆನ್ಷಿಯಲ್ ಮುಂಬದಿಯಿಂದ ಹೊರಬಂದಿತು. ಅದರ ತೂಕವನ್ನು ಇಬ್ಬರು ಹಂಚಿಕೊಳ್ಳುವುದು ಲೇಸು.

ಹೊಸದನ್ನು ಕೂರಿಸಿ, ಷಾಫ್ಟನ್ನು ತಂದು ಹಿಡಿದರೆ, ಸರಾಗವಾಗಿ ಕೂತಿತು! ಏಕೆ ಕೂರದು? ಷಾಫ್ಟಿನಲ್ಲಿ ಒಂದು ಜಾರುವ ಭಾಗವುಂಟು. ಕೆಲವು ಕಾರುಗಳಲ್ಲಿ ಅದು ಗೇರುಪೆಟ್ಟಿಗೆಯ ಬಾಲದೊಳಗೆ, ಕೆಲವುಗಳಲ್ಲಿ ಷಾಫ್ಟಿನ ಮೈಯಲ್ಲಿಯೇ. ರಸ್ತೆಯ ಏರುತಗ್ಗಿನಲ್ಲಿ ಹಿಂದಿನ ಅಚ್ಚು ಸ್ಪ್ರಿಂಗಿನ ಮೇಲೆ ಕುಣಿಯುವಾಗ ಗೇರುಪೆಟ್ಟಿಗೆಗೂ ಅಚ್ಚಿಗೂ ನಡುವಣ ಅಂತರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆ ಬದಲಾವಣೆಗೆ ತಕ್ಕಂತೆ ಷಾಫ್ಟು ಉದ್ದವಾಗುವುದೂ ಗಿಡ್ಡವಾಗುವುದೂ ಈ ಜಾರುಗೂಡಿನಿಂದಲೇ. ನಾವು ತಳ್ಳಿದೆವು, ಅದು ಒಳಕ್ಕೆ ಜಾರಿತು. ಬೋಲ್ಟು ಬಿಗಿದೆವು.

ಸಂಜೆ, ನಮ್ಮ ಬಡಾವಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ವಿಶ್ರಾಂತಿಯಲ್ಲಿರುವ ಮೇಸ್ತ್ರಿಯೊಬ್ಬರನ್ನು ಮಾವನವರು ಕರೆಸಿದರು. ನಮ್ಮ ಮೇಲೆ ಅವರಿಗಿದ್ದ ವಿಶ್ವಾಸ ಅಷ್ಟೇ ಎಂದು ಕಾಣುತ್ತದೆ! ಮೇಸ್ತ್ರಿ ಮಂಡಿಯೂರಿ ಕುಳಿತು ಟಾರ್ಚು ಬಿಟ್ಟು ನೋಡಿದರು.

“ಹಳೇದರ ಮೂಗೂ ಹೊಸದರ ಮೂಗೂ ಒಂದೇ ಉದ್ದವೇ ಸ್ವಾಮಿ?”

ನಾವು ಮುಖ ಮುಖ ನೋಡಿಕೊಂಡೆವು. ಗೋಣಿಯ ಮೇಲಿದ್ದ ಹಳೆಯದನ್ನೂ ಕಾರಿನಲ್ಲಿದ್ದ ಹೊಸದನ್ನೂ ಅಳೆದು ನೋಡಿದರೆ, ಹೊಸದು ಮುಕ್ಕಾಲು ಅಂಗುಲ ಉದ್ದ. 19 ಮಿಲಿಮೀಟರು.

ಮೇಸ್ತ್ರಿ ಹೆಚ್ಚು ಮಾತನಾಡಲಿಲ್ಲ. ಷಾಫ್ಟಿನ ಒಂದು ತುದಿಯನ್ನು ಬಿಚ್ಚಿಸಿ, ಜಾರುಗೂಡನ್ನು ಪೂರ್ತಿ ಒಳಕ್ಕೆ ತಳ್ಳಿ, ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಹಾಕಿದರು. ಮತ್ತೆ ಬೋಲ್ಟು ಬಿಗಿಸಿ, ಕಾರನ್ನು ಅದರ ನಾಲ್ಕು ಚಕ್ರಗಳ ಮೇಲೆಯೇ ಇಳಿಸಿದರು. ಗೆರೆ ಅಂಚಿನಿಂದ ಕಾಲು ಅಂಗುಲ ಮಾತ್ರ ದೂರ ನಿಂತಿತು. “ಖಾಲಿ ಗಾಡಿಗೆ ಇಷ್ಟು. ಈಗ ಊರಿಗೆ ಹೋಗುವವರೆಲ್ಲ ಹತ್ತಿ ಕೂತುಕೊಳ್ಳಿ” ಎಂದರು.

ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ. ಮೇಸ್ತ್ರಿ ಪಕ್ಕದಿಂದ ಟಾರ್ಚು ಬಿಟ್ಟು ನನ್ನನ್ನು ಕರೆದು ತೋರಿಸಿದರು. ಸೀಮೆಸುಣ್ಣದ ಗೆರೆ ಅಂಚಿನೊಳಗೆ ಮುಳುಗಿಹೋಗಿದ್ದಿತು.

“ಇನ್ನು ಒಂದು ಹಳ್ಳಕ್ಕೆ ಚಕ್ರ ಬಿದ್ದರೆ ಷಾಫ್ಟು ಎಲ್ಲಿಗೆ ಹೋಗಬೇಕು?”

ಹೋಗಲು ಸ್ಥಳವಿಲ್ಲ. ಇಡೀ ಕಾರಿನ ಭಾರ ಒಂದು ಸುತ್ತಿಗೆಯ ಏಟಾಗಿ, ಮುಂದಕ್ಕೆ ಗೇರುಪೆಟ್ಟಿಗೆಯ ಬಾಲದ ಬೇರಿಂಗಿಗೂ ಹಿಂದಕ್ಕೆ ಪಿನಿಯನ್ನಿನ ಬೇರಿಂಗಿಗೂ ಬೀಳುತ್ತದೆ. ಒಂದೆರಡು ಏಟಿಗೆ ಏನೂ ಕಾಣದೆ ಇರಬಹುದು. ಸಂಪಾಜೆಯ ಘಾಟಿಯ ಯಾವುದೋ ತಿರುವಿನಲ್ಲಿ ಗೇರುಪೆಟ್ಟಿಗೆಯ ಬಾಲ ಬಿರುಕುಬಿಟ್ಟರೆ?

ಒಂದು ಅಂಗುಲದ ಉಸಿರು

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹೊಸ ಡಿಫರೆನ್ಷಿಯಲಿನ ಮೂಗು ಗಿಡ್ಡವಾಗಿದ್ದರೆ ಷಾಫ್ಟು ಸಾಲದೆ ಹೋಗುತ್ತದೆ. ಜಾರುಗೂಡು ಹೊರಕ್ಕೆ ಬಂದು, ಹಲ್ಲುಗೀರುಗಳ ತುದಿ ಮಾತ್ರ ಹಿಡಿದುಕೊಂಡಿರುತ್ತದೆ. ಅಚ್ಚು ಕೆಳಗೆ ಜೋತಾಗ ಪೂರ್ತಿ ಕಳಚಿಕೊಂಡೀತು. ಓಡುವ ಕಾರಿನಲ್ಲಿ ಷಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ನಾಟುವುದಕ್ಕಿಂತ ಭಯಂಕರವಾದುದು ಕಡಿಮೆ.

ಆದ್ದರಿಂದ ಎರಡು ಕಡೆಗೂ ಎಡೆಯಿರಬೇಕು. ಸಾಮಾನ್ಯ ರೂಢಿ ಇದು: ಕಾರು ತನ್ನ ಸಹಜ ಭಾರದಲ್ಲಿ ನಿಂತಿರುವಾಗ, ಜಾರುಗೂಡು ಪೂರ್ತಿ ಒಳಗೆ ಹೋದ ಸ್ಥಾನದಿಂದ ಮುಕ್ಕಾಲಿನಿಂದ ಒಂದು ಅಂಗುಲದವರೆಗೆ ಹೊರಗಿರಬೇಕು. ನಮ್ಮ ಕಾರಿನಲ್ಲಿ ಮೊದಲು ಒಂದು ಅಂಗುಲವಿದ್ದಿತು. ಹೊಸ ಮೂಗು ಮುಕ್ಕಾಲನ್ನು ನುಂಗಿ ಕಾಲು ಉಳಿಸಿತ್ತು.

ಅಳೆಯುವ ವಿಧಾನ ಕಷ್ಟವಲ್ಲ; ಆದರೆ ಕ್ರಮ ತಪ್ಪಬಾರದು. ನಾವು ಮಾಡಿದಂತೆ ಚೌಕಟ್ಟಿಗೆ ಸ್ಟ್ಯಾಂಡು ಕೊಟ್ಟು ಅಳೆದರೆ ಅಚ್ಚು ಜೋತಾಡುತ್ತಿರುತ್ತದೆ. ಆ ಅಳತೆ ಸುಳ್ಳು ಹೇಳುತ್ತದೆ. ಸ್ಟ್ಯಾಂಡುಗಳು ಹಿಂದಿನ ಅಚ್ಚಿನ ಕೊಳವೆಗಳ ಕೆಳಗಿದ್ದು, ಕಾರಿನ ಭಾರ ಸ್ಪ್ರಿಂಗಿನ ಮೇಲೆ ಬೀಳಬೇಕು. ಅನಂತರ ಜಾರುಗೂಡನ್ನು ಪೂರ್ತಿ ತಳ್ಳಿ, ಒಂದು ಅಂಗುಲ ಹೊರಗೆಳೆದು ಅಲ್ಲಿಯೇ ನಿಲ್ಲಿಸಬೇಕು. ಆ ಮೇಲೆ ಮುಂದಿನ ಕೀಲಿನ ಕ್ರಾಸಿನ ನಡುಮಧ್ಯದಿಂದ ಪಿನಿಯನ್ನಿನ ಫ್ಲೇಂಜಿಗೆ ಬಿಗಿಯುವ ಹಿಂದಿನ ಕೀಲಿನ ನಡುಮಧ್ಯದವರೆಗೆ ಅಳೆಯಬೇಕು. ಷಾಫ್ಟು ಇರಬೇಕಾದ ಉದ್ದ ಅದೇ. ಎರಡು ಬಾರಿ ಅಳೆದು, ಇನ್ನೊಬ್ಬರಿಂದ ಒಂದು ಬಾರಿ ಅಳೆಸುವುದು ಒಳ್ಳೆಯದು. ಕತ್ತರಿಸಿದ ಕೊಳವೆ ಮತ್ತೆ ಬೆಳೆಯುವುದಿಲ್ಲ.

ಲೇತ್ ಅಂಗಡಿಯಲ್ಲಿ

ಭಾವಮೈದುನ ಮನೆಯಲ್ಲಿಯೇ ಗರಗಸ ಹಾಕುವ ಉತ್ಸಾಹದಲ್ಲಿದ್ದ. ಮೇಸ್ತ್ರಿ ಅವನ ಕೈಯಿಂದ ಷಾಫ್ಟನ್ನು ಕಸಿದುಕೊಂಡರೆಂದೇ ಹೇಳಬೇಕು. ಸೋಮವಾರ ಅದು ಷಾಫ್ಟಿನ ಕೆಲಸವನ್ನೇ ಮಾಡುವ ಲೇತ್ ಅಂಗಡಿಗೆ ಹೋಯಿತು.

ಅಲ್ಲಿ ಕೊಳವೆಯ ಒಂದು ತುದಿಯ ಬೆಸುಗೆಯನ್ನು ಲೇತಿನ ಮೇಲೆ ಬಿಡಿಸಿ, ಕವಲನ್ನು ಹೊರತೆಗೆದರು. ಕೊಳವೆಯಿಂದ ಸರಿಯಾಗಿ ಮುಕ್ಕಾಲು ಅಂಗುಲ ಕತ್ತರಿಸಿ, ಕವಲನ್ನು ಮತ್ತೆ ಒತ್ತಿ ಕೂರಿಸಿದರು. ಬೆಸುಗೆಗೆ ಮುನ್ನ ಎರಡು ಪರೀಕ್ಷೆಗಳು ನಡೆದವು. ಮೊದಲನೆಯದು, ಎರಡು ತುದಿಗಳ ಕವಲುಗಳೂ ಒಂದೇ ಸಮತಲದಲ್ಲಿವೆಯೇ ಎಂಬುದು. ಎರಡನೆಯದು, ಷಾಫ್ಟನ್ನು ನಿಧಾನವಾಗಿ ತಿರುಗಿಸಿ, ಮುಳ್ಳಿನ ಗಡಿಯಾರ ಹಿಡಿದು, ಕೊಳವೆ ಎಲ್ಲಿಯಾದರೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಡ್ಡಾಡುವುದೇ ಎಂಬುದು.

ಮೊದಲನೆಯದರ ರಹಸ್ಯ ಸ್ವಾರಸ್ಯವಾದುದು. ಕ್ರಾಸಿನ ಕೀಲಿಗೆ ಯೂರೋಪಿನಲ್ಲಿ 16ನೆಯ ಶತಮಾನದ ಇಟಲಿಯ ಪಂಡಿತ ಕಾರ್ಡಾನೋನ ಹೆಸರೂ, 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರೂ ಅಂಟಿಕೊಂಡಿವೆ. ಈ ಕೀಲಿಗೆ ಒಂದು ದೋಷವುಂಟು. ಅದು ಬಾಗಿ ತಿರುಗುವಾಗ, ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವಾಗಿ, ಎರಡು ಬಾರಿ ನಿಧಾನವಾಗಿ ತಿರುಗುತ್ತದೆ. ಬಾಗು 3 ಡಿಗ್ರಿಯಿದ್ದರೆ ಈ ಏರಿಳಿತ ಶೇಕಡಾ 0.14ರಷ್ಟು ಮಾತ್ರ, 10 ಡಿಗ್ರಿಗೆ ಶೇಕಡಾ 1.5, 30 ಡಿಗ್ರಿಗೆ ಶೇಕಡಾ 15ರಷ್ಟಾಗುತ್ತದೆ. ಷಾಫ್ಟಿನ ಮುಂದಿನ ಕೀಲು ಹುಟ್ಟಿಸಿದ ಏರಿಳಿತವನ್ನು ಹಿಂದಿನ ಕೀಲು ಅಳಿಸಿಹಾಕಬೇಕು. ಅದಕ್ಕೆ ಎರಡು ಷರತ್ತುಗಳು: ಕವಲುಗಳು ಒಂದೇ ಸಮತಲದಲ್ಲಿರಬೇಕು, ಎರಡು ಕೀಲುಗಳ ಬಾಗೂ ಸಮನಾಗಿರಬೇಕು.

ಎರಡನೆಯ ಷರತ್ತನ್ನು ಪೂರೈಸುವ ಹೊಣೆ ಲೇತ್ ಅಂಗಡಿಯವರದಲ್ಲ, ಕಾರು ಕೂಡಿಸುವವರದು. ಗೇರುಪೆಟ್ಟಿಗೆಯ ಅಚ್ಚು ಹಿಂದಕ್ಕೆ 3 ಡಿಗ್ರಿ ಕೆಳಗೆ ನೋಡುತ್ತಿದ್ದರೆ, ಪಿನಿಯನ್ನಿನ ಮೂಗು ಮುಂದಕ್ಕೆ ಅಷ್ಟೇ ಮೇಲೆ ನೋಡಬೇಕು. ಎರಡೂ ಸಮಾಂತರವಾದಾಗ ಎರಡು ಬಾಗುಗಳೂ ತಾವಾಗಿಯೇ ಸಮವಾಗುತ್ತವೆ. ಇದನ್ನು ಅಳೆಯಲು ಹಿಂದೆ ಬೇರೆ ಉಪಕರಣ ಬೇಕಾಗುತ್ತಿದ್ದಿತು. ಈಗ ಜೇಬಿನ ಮೊಬೈಲಿನಲ್ಲಿಯೇ ಕೋನಮಾಪಕವಿದೆ. ನಮ್ಮಲ್ಲಿ ಒಂದು ಕಡೆ 3, ಇನ್ನೊಂದು ಕಡೆ ಮೂರೂವರೆ ಬಂದಿತು. ಒಂದು ಡಿಗ್ರಿಯೊಳಗಿನ ವ್ಯತ್ಯಾಸವನ್ನು ಕಾರು ಸಹಿಸಿಕೊಳ್ಳುತ್ತದೆ. ಹೆಚ್ಚಿದ್ದರೆ ಎಲೆಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಉಕ್ಕಿನ ಓರೆಬಿಲ್ಲೆ ಕೊಟ್ಟು ಮೂಗನ್ನು ಎತ್ತಬೇಕು ಅಥವಾ ಇಳಿಸಬೇಕು. ಹಾಗೆಂದು ಬಾಗು ಸೊನ್ನೆಯಾಗಿಯೂ ಇರಬಾರದು. ಬಾಗಿಲ್ಲದ ಕೀಲಿನೊಳಗೆ ಸೂಜಿಕಡ್ಡಿಗಳು ಉರುಳದೆ, ನಿಂತಲ್ಲಿಯೇ ಒತ್ತಿ ಕ್ರಾಸಿನ ಮೈಯಲ್ಲಿ ಗುಳಿ ತೋಡುತ್ತವೆ. ಒಂದರಿಂದ ಮೂರು ಡಿಗ್ರಿ ಹಿತವಾದುದು.

ಬೆಸುಗೆಯಾದ ಮೇಲೆ ತೂಕದ ಸಮತೋಲ. ಇದನ್ನು ಉಪಚಾರದ ಕೆಲಸವೆಂದು ಬಿಡುವವರುಂಟು. ಲೆಕ್ಕ ಹಾಕಿ ನೋಡಿ: ಮೂರು ಅಂಗುಲ ವ್ಯಾಸದ ಕೊಳವೆಯ ಒಂದು ಪಕ್ಕದಲ್ಲಿ ಕೇವಲ 10 ಗ್ರಾಮು ತೂಕ ಹೆಚ್ಚಿದ್ದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಸುಮಾರು 4 ಕಿಲೋ ಭಾರದಂತೆ ಷಾಫ್ಟನ್ನು ಪಕ್ಕಕ್ಕೆ ಜಗ್ಗುತ್ತದೆ. ಅದೂ ಒಂದೇ ದಿಕ್ಕಿಗಲ್ಲ. ಸೆಕೆಂಡಿಗೆ 50 ಬಾರಿ ಸುತ್ತುಹೊಡೆಯುತ್ತ. ವೇಗ ಇಮ್ಮಡಿಯಾದರೆ ಈ ಜಗ್ಗು ನಾಲ್ಮಡಿ. ಆ ನಡುಕ ಸೀಟಿಗೂ ಬರುತ್ತದೆ, ಬೇರಿಂಗಿಗೂ ಹೋಗುತ್ತದೆ. ಅಂಗಡಿಯವರು ಯಂತ್ರದ ಮೇಲೆ ಷಾಫ್ಟನ್ನು ತಿರುಗಿಸಿ, ಎರಡು ಸಣ್ಣ ತಗಡಿನ ತುಂಡುಗಳನ್ನು ಅಂಟಿಸಿ ಕೊಟ್ಟರು. ಕಾರಿನ ಕೆಳಗೆ ಷಾಫ್ಟಿನ ಮೇಲೆ ಇಂಥ ತುಂಡು ಕಂಡರೆ ಹಳೆಯ ತೇಪೆಯೆಂದು ಕಿತ್ತುಹಾಕಬೇಡಿ.

ಘಾಟಿಯ ದಾರಿಯಲ್ಲಿ

ಬುಧವಾರ ಎಲ್ಲವೂ ಮತ್ತೆ ಕೂಡಿತು. ಡಿಫರೆನ್ಷಿಯಲಿಗೆ ಹೈಪಾಯ್ಡ್ ಹಲ್ಲುಗಳಿಗೆಂದೇ ತಯಾರಾದ ಗೇರೆಣ್ಣೆಯನ್ನು ತುಂಬಿದೆವು. ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಸಾಮಾನ್ಯ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಮಕ್ಕಳು, ಅತ್ತೆ, ಅಕ್ಕಿಮೂಟೆ ಮತ್ತೊಮ್ಮೆ ಕಾರು ಹತ್ತಿದವು. ಈ ಬಾರಿ ಸೀಮೆಸುಣ್ಣದ ಗೆರೆ ಅಂಚಿನಿಂದ ದೂರದಲ್ಲಿ, ನೆಮ್ಮದಿಯಾಗಿ ನಿಂತಿದ್ದಿತು. ಮೇಸ್ತ್ರಿ ಮೊದಲ ಬಾರಿಗೆ ನಕ್ಕರು. ನೂರು ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನೂ ಎಣ್ಣೆಯ ಮಟ್ಟವನ್ನೂ ಇನ್ನೊಮ್ಮೆ ನೋಡಬೇಕೆಂದು ಹೇಳಿ, ಕಾಫಿಯನ್ನು ಮಾತ್ರ ಸ್ವೀಕರಿಸಿ ಹೊರಟರು. ಹಣದ ಮಾತೆತ್ತಿದರೆ, “ಯಜಮಾನರು ಊರು ನೋಡಿ ಬರಲಿ” ಎಂದರು.

ಜಾತ್ರೆಗೆ ಎರಡು ದಿನ ಮೊದಲು ನಾವು ಹೊರಟೆವು. ಕುಶಾಲನಗರದಲ್ಲಿ ಬೋಲ್ಟುಗಳನ್ನು ನೋಡಿದೆವು, ಒಂದೂ ಸಡಿಲಾಗಿರಲಿಲ್ಲ. ಮಡಿಕೇರಿಯ ಏರಿನಲ್ಲಿ ಭಾವಮೈದುನ ಒಂದು ಗೇರು ಮುಂಚಿತವಾಗಿ ಇಳಿಸಬೇಕಾಯಿತು. 41ಕ್ಕೆ 9ರ ಲೆಕ್ಕ ಸುಳ್ಳಾಗಲಿಲ್ಲ. ಸಂಪಾಜೆಯ ಇಳಿಜಾರಿನಲ್ಲಿ, ರಸ್ತೆ ಕೆಟ್ಟಿದ್ದ ಒಂದು ಕಡೆ, ಹಿಂದಿನ ಚಕ್ರ ಹಳ್ಳಕ್ಕೆ ಧಡ್ಡನೆ ಇಳಿಯಿತು. ಮುಂದೆ ಕುಳಿತಿದ್ದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾರು ಹಳ್ಳವನ್ನು ಹತ್ತಿ ಸುಮ್ಮನೆ ಮುಂದಕ್ಕೆ ನಡೆಯಿತು.

ಮಾವನವರು ಕಿಟಕಿಗೆ ಕಿವಿಗೊಟ್ಟು ಕುಳಿತಿದ್ದರು. ಬಹಳ ಹೊತ್ತಾದ ಮೇಲೆ, “ಅಲ್ಲಪ್ಪ, ಗಾಡಿ ಓಡುತ್ತಿದೆಯೇ ಇಲ್ಲವೇ? ಸದ್ದೇ ಇಲ್ಲವಲ್ಲ!” ಎಂದರು. ಆಮೇಲೆ ನಮಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಂಡರೋ ತಿಳಿಯದು: “ನಮ್ಮ ತಾಯಿಯನ್ನು ಕಡೆಯ ಸಲ ಊರಿಗೆ ಕರೆದುಕೊಂಡು ಹೋದದ್ದೂ ಇದರಲ್ಲಿಯೇ.”

ಲೇತ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಮುಕ್ಕಾಲು ಅಂಗುಲದ ಉಕ್ಕಿನ ಬಳೆ ಈಗ ನಮ್ಮ ಮನೆಯ ಮೇಜಿನ ಮೇಲಿದೆ. ಕಾಗದಗಳು ಹಾರದಂತೆ ಭಾರಕ್ಕೆ ಇಟ್ಟಿದ್ದೇವೆ. ಭಾವಮೈದುನ ಹೊಸ ಸಾಹಸವೊಂದನ್ನು ಸೂಚಿಸಿದಾಗಲೆಲ್ಲ ನನ್ನ ಹೆಂಡತಿ ಏನೂ ಹೇಳುವುದಿಲ್ಲ; ಆ ಬಳೆಯನ್ನು ಎತ್ತಿ ಅವನ ಮುಂದೆ ಇಡುತ್ತಾಳೆ. ಅವನು ಅಳತೆಪಟ್ಟಿ ತರಲು ಎದ್ದು ಹೋಗುತ್ತಾನೆ.